ದೊರೆ ಬಂದಳು


‘ದೊರೆ ಬಂದನು’ ಎಂದು ಓದಿ ನಮಗೆ ರೂಢಿ. ಹಳೆಯ ಶಾಸನವೊಂದರಲ್ಲಿ ‘ದೊರೆ ಬಂದಳು, ಗುಡಿ ಕಟ್ಟಿಸಿದಳು’ ಎಂದಿದ್ದರೆ ತಡೆದು ಇನ್ನೊಮ್ಮೆ ಓದುತ್ತೇವೆ. 1829ರಲ್ಲಿ ಫ್ರಾನ್ಸಿನ ವಿದ್ವಾಂಸ ಶಾಂಪೋಲಿಯನ್‌ಗೆ ಹೀಗೇ ಆಯಿತು. ಈಜಿಪ್ಟಿನ ಚಿತ್ರಲಿಪಿಯನ್ನು ಮೊದಲು ಓದಿ ತೋರಿಸಿದವನೇ ಅವನು. ನೈಲ್ ನದಿಯ ಪಶ್ಚಿಮಕ್ಕೆ, ದೇರ್ ಎಲ್ ಬಹ್ರಿಯಲ್ಲಿ, ಕಡಿದಾದ ಬಂಡೆಗೆ ಬೆನ್ನು ಕೊಟ್ಟು ನಿಂತ ಗುಡಿಯ ಗೋಡೆಗಳನ್ನು ನೋಡುತ್ತಿದ್ದ. ಕೆತ್ತನೆಯಲ್ಲಿದ್ದದ್ದು ಗಡ್ಡ ತೊಟ್ಟ ಅರಸ. ಪಕ್ಕದ ಬರಹದಲ್ಲಿ ಮಾತ್ರ ನಾಮಪದವೂ ಕ್ರಿಯಾಪದವೂ ಸ್ತ್ರೀಲಿಂಗ.

ಅವಳೇ ಹತ್ಶೆಪ್ಸುತ್. ಇಂದಿಗೆ ಸುಮಾರು 3,500 ವರ್ಷಗಳ ಹಿಂದಿನವಳು. ಒಂದನೇ ಥುಟ್ಮೋಸ್‌ನ ಮಗಳು, ಎರಡನೇ ಥುಟ್ಮೋಸ್‌ನ ಪಟ್ಟದರಸಿ. ಗಂಡ ತೀರಿಕೊಂಡಾಗ ಅವಳಿಗಿದ್ದದ್ದು ಹೆಣ್ಣುಮಗು, ನೆಫೆರೂರೆ. ಪಟ್ಟ ಸವತಿಯ ಮಗನಿಗೆ ಹೋಯಿತು. ಆ ಮೂರನೇ ಥುಟ್ಮೋಸ್ ಇನ್ನೂ ಚಿಕ್ಕವನು. ಮೊದಲು ಅವನ ಹೆಸರಿನಲ್ಲಿ ರಾಜ್ಯಭಾರ ಮಾಡಿದಳು. ಅವನ ಆಳ್ವಿಕೆಯ ಏಳನೆಯ ವರ್ಷದ ಹೊತ್ತಿಗೆ ತಾನೇ ಫೇರೋ, ಅಂದರೆ ದೊರೆ, ಎಂದು ಸಾರಿದಳು.

ಮಲತಾಯಿ ಅಂದಮೇಲೆ ಕೇಡಿಯೇ ಆಗಿರಬೇಕು ಎಂದು ಇತಿಹಾಸಕಾರರೂ ಬಹುಕಾಲ ನಂಬಿದ್ದರು. ಮಗುವಿನ ಸಿಂಹಾಸನ ಕಸಿದವಳು ಎಂದು ಬರೆದರು. ನನಗೆ ಅದು ಒಪ್ಪಿಗೆಯಿಲ್ಲ. ಹುಡುಗನನ್ನು ಅವಳು ಕೊಲ್ಲಿಸಲಿಲ್ಲ, ಅವನ ಅರಸುತನವನ್ನೂ ಕಿತ್ತುಕೊಳ್ಳಲಿಲ್ಲ. ಕಾರ್ನಾಕ್ ಎಂಬಲ್ಲಿನ ಕೆಂಪು ಕಲ್ಲಿನ ಗುಡಿಯಲ್ಲಿ ಇಬ್ಬರೂ ಜೊತೆಯಾಗಿಯೇ ಕೆತ್ತಲ್ಪಟ್ಟಿದ್ದಾರೆ. ಅವಳು ತೀರಿಕೊಂಡ ಸ್ವಲ್ಪ ಕಾಲದಲ್ಲೇ ಅವನು ದಂಡು ಕಟ್ಟಿಕೊಂಡು ಹೋಗಿ ಮೆಗಿದ್ದೋ ಎಂಬಲ್ಲಿ ಕದನ ಗೆದ್ದ. ಅಂಥ ಸೇನೆಯೂ ತುಂಬಿದ ಬೊಕ್ಕಸವೂ ಅವನ ಕೈಗೆ ಬಂದದ್ದು ಅವಳ ಆಳ್ವಿಕೆಯಿಂದ.

ಅವಳಿಗೆ ಹೆಮ್ಮೆ ಎನಿಸಿದ ಕೆಲಸ ಯಾವುದೆಂದು ದೇರ್ ಎಲ್ ಬಹ್ರಿಯ ಗೋಡೆ ನೋಡಿದರೆ ತಿಳಿಯುತ್ತದೆ. ಕೆಂಪು ಸಮುದ್ರದ ದಾರಿಯಾಗಿ ಪುಂಟ್ ಎಂಬ ನಾಡಿಗೆ ಐದು ಹಡಗು ಕಳಿಸಿದ್ದಳು. ದಂತ, ಚಿನ್ನ, ಕಪ್ಪುಮರದ ದಿಮ್ಮಿ ಬಂದವು. ಎಲ್ಲಕ್ಕಿಂತ ಚೆಂದದ್ದು, ಧೂಪದ ಅಂಟು ಸುರಿಸುವ ಮರಗಳು: ಬೇರಿನ ಮಣ್ಣು ಉದುರದಂತೆ ಬುಟ್ಟಿಯಲ್ಲಿಟ್ಟು, ಕೋಲಿಗೆ ಕಟ್ಟಿ, ಆಳುಗಳು ಹೆಗಲ ಮೇಲೆ ಹೊತ್ತು ಹಡಗಿಗೇರಿಸುತ್ತಿದ್ದಾರೆ. ನೀರಿನ ಕೆಳಗಿನ ಮೀನುಗಳನ್ನು ಶಿಲ್ಪಿ ಎಷ್ಟು ನಿಖರವಾಗಿ ಕೆತ್ತಿದ್ದಾನೆಂದರೆ, ಅವು ಯಾವ ಜಾತಿಯವೆಂದು ಇಂದಿಗೂ ಗುರುತಿಸಬಹುದು. ಫೇರೋಗಳ ಗೋಡೆಗಳಲ್ಲಿ ವೈರಿಯ ತಲೆ ಚಚ್ಚುವ ಚಿತ್ರ ಕಂಡು ಕಂಡು ದಣಿದ ಕಣ್ಣಿಗೆ, ಸಸಿ ಹೊತ್ತವರ ಈ ಸಾಲು ತಂಪೆರೆಯುತ್ತದೆ.

ಅವಳು ತೀರಿಕೊಂಡು ಸುಮಾರು 20 ವರ್ಷದ ಮೇಲೆ ಅಳಿಸುವ ಕೆಲಸ ಶುರುವಾಯಿತು. ಮೂರ್ತಿಗಳನ್ನು ಒಡೆದು ಗುಂಡಿಗೆ ಹಾಕಿದರು, ಹೆಸರನ್ನು ಉಳಿಯಿಂದ ಹೆರೆದರು. ಹಗೆ ಇದ್ದಿದ್ದರೆ ಅಷ್ಟು ವರ್ಷ ಕಾಯುವರೇ? ತನ್ನ ಮಗನ ಪಟ್ಟಕ್ಕೆ ತೊಡಕು ಬಾರದಿರಲೆಂದು, ತಂದೆಯಿಂದ ಮಗನಿಗೆ ಎಂಬ ಸಾಲಿನಲ್ಲಿ ಹೆಣ್ಣೊಬ್ಬಳು ಕಾಣಬಾರದೆಂದು ಮೂರನೇ ಥುಟ್ಮೋಸ್ ಹಾಗೆ ಮಾಡಿಸಿರಬೇಕು ಎಂಬ ವಿದ್ವಾಂಸರ ಊಹೆ ನನಗೆ ಸರಿಯೆನಿಸುತ್ತದೆ. ಆದರೆ ಹೆಸರು ಬದಲಿಸಿದವರು ಎಲ್ಲ ಕಡೆ ವ್ಯಾಕರಣವನ್ನು ತಿದ್ದಲಿಲ್ಲ. ‘ಬಂದಳು’ ಎಂಬುದು ‘ಬಂದಳು’ ಎಂದೇ ಉಳಿಯಿತು.

ಕಾರ್ನಾಕ್‌ನಲ್ಲಿ ಅವಳು ಅಸ್ವಾನ್ ಕಲ್ಲಿನ ಎರಡು ಎತ್ತರದ ಏಕಶಿಲಾ ಸ್ತಂಭಗಳನ್ನು ನಿಲ್ಲಿಸಿದಳು. ಗಣಿಯಲ್ಲಿ ಅವನ್ನು ಕಡಿದು ಬಿಡಿಸಿದ್ದು ಏಳು ತಿಂಗಳಲ್ಲಿ. ಮುಂದಿನ ಕಾಲದ ಜನ ಇವನ್ನು ನೋಡಿ ಏನೆಂದಾರೋ ಎಂಬ ತನ್ನ ಮನಸ್ಸಿನ ತುಯ್ತವನ್ನೂ ಆ ಕಲ್ಲಿನ ಮೇಲೆಯೇ ಬರೆಸಿದ್ದಾಳೆ. ಅದು ಕಾಣಬಾರದೆಂದೋ ಏನೋ, ಮುಂದೆ ಸ್ತಂಭಗಳ ಸುತ್ತ ಗೋಡೆ ಎಬ್ಬಿಸಲಾಯಿತು. ಆ ಗೋಡೆಯೇ ಅಕ್ಷರಗಳನ್ನು ಬಿಸಿಲು, ಮರಳುಗಾಳಿಗಳಿಂದ ಕಾಪಾಡಿತು. ಒಂದು ಸ್ತಂಭ ಬಿದ್ದಿದೆ. ಇನ್ನೊಂದು, ಸುಮಾರು 30 ಮೀಟರ್ ಎತ್ತರದ್ದು, ಇವತ್ತಿಗೂ ಅಲ್ಲೇ ನಿಂತಿದೆ.