ಒಂದೇ ಪಂಕ್ತಿ

(ತಿಪಟೂರಿನಲ್ಲಿ ಮಾಡಿದ ಭಾಷಣ)



ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಅಟ್ಟಗಳಲ್ಲಿ ತಿಂಗಳುಗಟ್ಟಲೆ ಒಣಗಿದ ಉಂಡೆ ಕೊಬ್ಬರಿಯು ಉತ್ತರ ಹಿಂದೂಸ್ಥಾನದ ಪೇಟೆಗಳಿಗೆ ಹೋಗುತ್ತದೆ. ಅಲ್ಲಿಂದ ನಮಗೆ ಹಣ ಬರುತ್ತದೆ. ಅಲ್ಲಿಯ ಜನರ ಧರ್ಮವಿಚಾರವು ಮಾತ್ರ ಬರುವುದಿಲ್ಲ. ಸಿಖ್ಖರ ಪೇಟವನ್ನು ಕಂಡಿದ್ದೇವೆ; ಅವರ ನಂಬಿಕೆಯೇನು, ಪೂಜೆಯ ಕ್ರಮವೇನು ಎಂದು ವಿಚಾರಿಸಿದವರು ವಿರಳ. ಆ ವಿಷಯವನ್ನೇ ಇಂದು ಅರಿಕೆ ಮಾಡುವೆವು.

ಗುರು ನಾನಕರು 1469ರಲ್ಲಿ ಪಂಜಾಬಿನ ತಳವಂಡಿಯಲ್ಲಿ ಜನಿಸಿದರು. ಅವರ ಬೋಧೆಯ ತಿರುಳಿಷ್ಟು: ದೇವರೊಬ್ಬನೇ, ಆತನಿಗೆ ರೂಪವಿಲ್ಲ, ಹುಟ್ಟುಸಾವುಗಳಿಲ್ಲ, ಭಯವಿಲ್ಲ, ಯಾರಲ್ಲಿಯೂ ಹಗೆಯಿಲ್ಲ. ಆತನ ನಾಮವನ್ನು ಸ್ಮರಿಸಬೇಕು, ಪ್ರಾಮಾಣಿಕವಾಗಿ ದುಡಿದು ಉಣ್ಣಬೇಕು, ದುಡಿದುದನ್ನು ಹಂಚಿಕೊಳ್ಳಬೇಕು. ಇದಕ್ಕಾಗಿ ಸಂಸಾರವನ್ನು ತೊರೆಯಬೇಕಾಗಿಲ್ಲ. ಕಾಯಕ ದಾಸೋಹಗಳ ಮಾತನ್ನು ತೊಟ್ಟಿಲಿನಲ್ಲಿಯೇ ಕೇಳಿದ ನಮಗೆ ಇದು ಪರಕೀಯವೆನಿಸದು.

ಗುರುದ್ವಾರದಲ್ಲಿ ವಿಗ್ರಹವಿಲ್ಲ, ಗ್ರಂಥವೇ ಗುರು. ಐದನೆಯ ಗುರು ಅರ್ಜುನರು 1604ರಲ್ಲಿ ಅಮೃತಸರದಲ್ಲಿ ಆ ಗ್ರಂಥವನ್ನು ಸ್ಥಾಪಿಸಿದರು. ಗುರುಗಳ ವಾಣಿಯೊಡನೆ ನೇಕಾರ ಕಬೀರರ, ಚರ್ಮದ ಕಾಯಕದ ರವಿದಾಸರ, ಮಹಾರಾಷ್ಟ್ರದ ನಾಮದೇವರ, ಮುಸಲ್ಮಾನ ಸಂತ ಶೇಖ್ ಫರೀದರ ಪದಗಳೂ ಅದರಲ್ಲಿವೆ. ಹತ್ತನೆಯ ಗುರು ಗೋವಿಂದಸಿಂಹರು 1708ರಲ್ಲಿ ನಾಂದೇಡಿನಲ್ಲಿ ದೇಹ ಬಿಡುವ ಮುನ್ನ, ಇನ್ನು ಮುಂದೆ ಗ್ರಂಥವೇ ಗುರುವೆಂದು ವಿಧಿಸಿದರು. ಮುಂಜಾನೆ ಅದನ್ನು ಮೇಲ್ಕಟ್ಟಿನ ಕೆಳಗೆ ಪೀಠದಲ್ಲಿರಿಸಿ, ತೆರೆದು, ಚಾಮರ ಬೀಸುವರು. ರಾತ್ರಿ ಮುಚ್ಚಿ ವಿಶ್ರಾಂತಿಗೆ ಒಯ್ಯುವರು. ಬಂದವರು ಪಾದರಕ್ಷೆ ಕಳಚಿ, ತಲೆಗೆ ವಸ್ತ್ರ ಹೊದ್ದು, ಮಣಿದು, ನೆಲದ ಮೇಲೆ ಕುಳಿತು ಕೀರ್ತನೆ ಕೇಳುವರು. ಅನಂತರ ಎಲ್ಲರೂ ಎದ್ದು ನಿಂತು ಅರದಾಸ್ ಎಂಬ ಪ್ರಾರ್ಥನೆಯನ್ನು ಸಲ್ಲಿಸುವರು. ಸಕಲರ ಒಳಿತನ್ನು ಬೇಡಿ ಅದು ಮುಗಿಯುತ್ತದೆ. ಬಳಿಕ ಗ್ರಂಥವನ್ನು ತೆರೆದಲ್ಲಿ ಕಂಡ ಪದವನ್ನೋದಿ, ಅದನ್ನೇ ಅಂದಿನ ಆಜ್ಞೆಯೆಂದು ಸ್ವೀಕರಿಸುವರು. ಓದುವ ಅಧಿಕಾರಕ್ಕೆ ಕುಲದ ಕಟ್ಟಿಲ್ಲ, ಸ್ತ್ರೀಯರೂ ಓದಬಹುದು. ಗೋದಿಹಿಟ್ಟು, ತುಪ್ಪ, ಸಕ್ಕರೆಗಳಿಂದಾದ ಪ್ರಸಾದವು ಎಲ್ಲರ ಕೈಗೂ ಒಂದೇ ಪಾತ್ರೆಯಿಂದ ಬರುತ್ತದೆ.

ಆಮೇಲೆ ಲಂಗರು, ಎಂದರೆ ಸಾಮೂಹಿಕ ಊಟ. ತಮ್ಮನ್ನು ಕಾಣಬಂದವರು ಮೊದಲು ಪಂಗತ್ತಿನಲ್ಲಿ ಕುಳಿತು ಉಣ್ಣಬೇಕೆಂದು ಮೂರನೆಯ ಗುರು ಅಮರದಾಸರು ನಿಯಮಿಸಿದರು. ಪಂಗತ್ ಎಂದರೆ ನಮ್ಮ ಪಂಕ್ತಿಯೇ. ಶಬ್ದವೊಂದೇ, ಆದರೆ ಅಲ್ಲಿ ಅದು ಜನರನ್ನು ಕೂಡಿಸಿತು, ನಮ್ಮಲ್ಲಿ ಎಷ್ಟೋ ಕಡೆ ಅಗಲಿಸಿತು.

ಇದು ದೂರದ ಕಥೆಯೆನ್ನಬೇಡಿರಿ. ನಾನಕರು ದಕ್ಷಿಣ ಯಾತ್ರೆಯಲ್ಲಿ ಬೀದರಿಗೆ ಬಂದರೆಂದೂ, ಸಿಹಿನೀರಿಲ್ಲದೆ ಬಳಲುತ್ತಿದ್ದ ಜನಕ್ಕಾಗಿ ಅವರು ಪಾದದಿಂದ ಕಲ್ಲು ಸರಿಸಿದೆಡೆ ಝರಿ ಚಿಮ್ಮಿತೆಂದೂ ಸಂಪ್ರದಾಯವುಂಟು. ಆ ನಾನಕ ಝೀರಾದಲ್ಲಿ ಇಂದಿಗೂ ಲಂಗರು ನಡೆಯುತ್ತಿದೆ. 1699ರ ಬೈಸಾಖಿಯಂದು ಆನಂದಪುರದಲ್ಲಿ ಗೋವಿಂದಸಿಂಹರು, ತಲೆ ಕೊಡುವವರಾರೆಂದು ಕೇಳಿದಾಗ ಎದ್ದು ನಿಂತ ಐವರಲ್ಲಿ ಬೀದರಿನ ಕ್ಷೌರಿಕ ಸಾಹಿಬ್ ಚಂದರೂ ಒಬ್ಬರು. ಆ ಐವರಿಗೆ ಒಂದೇ ಪಾತ್ರೆಯಿಂದ ಅಮೃತವಿತ್ತ ಗುರುವು, ಅನಂತರ ಅವರ ಮುಂದೆ ತಾನೇ ಕೈಯೊಡ್ಡಿ ಅದೇ ದೀಕ್ಷೆಯನ್ನು ಪಡೆದನು. ಗುರುವಿಗೆ ದೀಕ್ಷೆಯಿತ್ತ ಕೈಗಳಲ್ಲಿ ನಮ್ಮ ನಾಡಿನ ಕ್ಷೌರಿಕನದೂ ಒಂದು!

1956ರಲ್ಲಿ ಬೀದರು ನಮ್ಮೊಡನೆ ಕೂಡಿತು. ಭೂಪಟದಲ್ಲಿ ಕೂಡಿದ ನಾಡು ಊಟದ ಎಲೆಯ ಮುಂದೆ ಕೂಡದಿದ್ದರೆ ಏಕೀಕರಣವು ಅರ್ಧವಾದುದೇ ಸರಿ.

ನಮ್ಮ ತಪ್ಪನ್ನೂ ಒಪ್ಪಿಕೊಳ್ಳುವೆವು. ಕೆಲವು ವರ್ಷಗಳ ಹಿಂದೆ ಒಂದು ಹಬ್ಬದ ಊಟದಲ್ಲಿ, ತೋಟದ ಕಾಯಿ ಕೆಡಹಿ ಸುಲಿದವರಿಗೆ ಹೊರಗೆ ಬೇರೆ ಎಲೆ ಹಾಕಿದ್ದರು. ನಾವು ಒಳಗಿನ ಪಂಕ್ತಿಯಲ್ಲಿ ಕುಳಿತು ಸುಮ್ಮನೆ ಉಂಡೆವು. ನ್ಯಾಯಾಲಯದಲ್ಲಿ ಸಮಾನತೆಯ ಕಲಮುಗಳನ್ನು ಉದ್ಧರಿಸುವ ನಾಲಗೆ ಅಂದು ಹೊರಳಲಿಲ್ಲ. ಆ ಅನ್ನ ಇನ್ನೂ ಅರಗಿಲ್ಲ.

ಆದುದರಿಂದ ತಮ್ಮಲ್ಲಿ ಒಂದೇ ಬಿನ್ನಹ. ಸಿಖ್ಖರ ಮತವನ್ನು ಹೊಗಳಿ ಮನೆಗೆ ಹೋದರೆ ಸಾಲದು. ಮುಂದಿನ ಹಬ್ಬದಲ್ಲಿ ಎರಡು ಪಂಕ್ತಿ ಹಾಕಿದರೆ ನಾವು ಹೊರಗಿನ ಪಂಕ್ತಿಯಲ್ಲಿ ಕುಳಿತುಕೊಳ್ಳುವೆವು. ಉಪಾಧ್ಯಾಯರೇ, ತಾವೂ ಬನ್ನಿರಿ, ಮಕ್ಕಳು ನೋಡಲಿ. ಎಲ್ಲರೂ ಹೊರಗೆ ಬಂದರೆ ಒಳಗೆಂಬುದೇ ಉಳಿಯದು.