ತಾಳೆಗರಿಯ ಮಸಿ, ಹಾಳೆಯ ಹೊನ್ನು

ನಮ್ಮ ತಾಳೆಗರಿಗಳಲ್ಲಿ ಚಿನ್ನ ಅಪರೂಪ. ಕಂಟದಿಂದ ಕೊರೆದ ಗೀರಿಗೆ ಮಸಿ ಸವರಿದರೆ ಅಕ್ಷರ ಮೂಡಿತು, ಅಷ್ಟೆ. ಹೊನ್ನು ಹೊಳೆದದ್ದು ಬರ್ಮಾದ ಬೌದ್ಧ ಗ್ರಂಥಗಳಲ್ಲಿ, ಯುರೋಪಿನ ಮಠಗಳಲ್ಲಿ. ಇಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ ಶ್ರೀತತ್ತ್ವನಿಧಿ ಗ್ರಂಥದ ಮೈಸೂರು ಶೈಲಿಯ ಚಿತ್ರಗಳಲ್ಲಿ.

1565ರಲ್ಲಿ ಹಂಪಿ ಹಾಳಾದಾಗ ಚದುರಿದ ಚಿತ್ರಗಾರರ ಕೈಗುಣವೇ ಶ್ರೀರಂಗಪಟ್ಟಣದ ಮೂಲಕ ಮೈಸೂರು ಮುಟ್ಟಿತೆನ್ನುತ್ತಾರೆ. ಮೈಸೂರು ಶೈಲಿಯ ಚಿತ್ರಗಾರ ಒಡವೆಯ ಗೆರೆಗಳನ್ನು ಮಕ್ಕಿ ಸಫೇದವೆಂಬ ಲೇಪದಲ್ಲಿ ಉಬ್ಬಾಗಿ ಎಳೆಯುತ್ತಾನೆ. ಮೇಲೆ ಉಸಿರು ಬಿಗಿಹಿಡಿದು ಚಿನ್ನದ ರೇಕು ಕೂರಿಸುತ್ತಾನೆ. ತೆಳು ಕಾಗದ ಹೊದಿಸಿ, ನುಣ್ಣನೆಯ ಕಲ್ಲಿನಿಂದ ಮೆಲ್ಲಗೆ ಉಜ್ಜುತ್ತಾನೆ. ಆ ತಾಳ್ಮೆ ನನಗೆ ಚಿನ್ನಕ್ಕಿಂತ ದೊಡ್ಡದು.

ಹೊಸಪೇಟೆ, ಕಂಪ್ಲಿ, ಸಂಡೂರಿನ ಕೇಳುಗರೇ, ಅದೇ ಹಂಪಿಯ ವಿರೂಪಾಕ್ಷನ ದರ್ಶನಕ್ಕೆ ಹೋದಾಗ ರಂಗಮಂಟಪದಲ್ಲಿ ಒಮ್ಮೆ ತಲೆಯೆತ್ತಿ ನೋಡಿ. ಛತ್ತಿನಲ್ಲಿ, ಕೆಮ್ಮಣ್ಣಿನ ಬಣ್ಣದಲ್ಲಿ, ಗುರು ವಿದ್ಯಾರಣ್ಯರ ಪಲ್ಲಕ್ಕಿ ಇನ್ನೂ ಸಾಗುತ್ತಿದೆ.