ಉಡುಗೆ, ನಡವಳಿಕೆ ಮತ್ತು ಶ್ರಾವಕಧರ್ಮ

(ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಧಾರ್ಮಿಕ ಸಭೆಯಲ್ಲಿ ನೀಡಿದ ಉಪನ್ಯಾಸ)



ಕೋಲಾರವು ಜಿನಧರ್ಮಕ್ಕೆ ಹೊಸ ನೆಲವಲ್ಲ. ಕುವಲಾಲಪುರವೆಂಬ ಹೆಸರಿನಿಂದ ಇದು ಗಂಗರ ಮೊದಲ ರಾಜಧಾನಿಯಾಗಿತ್ತು. ಆ ರಾಜ್ಯದ ಉದಯಕ್ಕೆ ಸಿಂಹನಂದಿ ಆಚಾರ್ಯರ ಅನುಗ್ರಹವೇ ಕಾರಣವೆಂದು ಶಾಸನಗಳು ಹೇಳುತ್ತವೆ. ಅದೇ ಗಂಗರ ಮಂತ್ರಿಯಾದ ಚಾವುಂಡರಾಯನು ಶ್ರವಣಬೆಳಗೊಳದಲ್ಲಿ ಬಾಹುಬಲಿಯನ್ನು ನಿಲ್ಲಿಸಿದನು. ಎಲ್ಲವನ್ನೂ ತೊರೆದು ನಿಂತ ಆ ಮೂರ್ತಿಯನ್ನು ವಂದಿಸುವ ಸಮಾಜವು ಉಡುಗೆಯ ಬಗ್ಗೆ ತೀರ್ಪು ಹೇಳುವಾಗ ತುಸು ವಿನಯವಿರಬೇಕು.

ಇಂದು ಹಿರಿಯರದು ಒಂದೇ ಅಳಲು: ಬಸದಿಗೆ ಬರುವ ಮಕ್ಕಳ ಉಡುಪು ಕೆಟ್ಟಿತು, ಸಭೆಯ ಮರ್ಯಾದೆ ಅಳಿಯಿತು. ಕಿರಿಯರ ಉತ್ತರವೂ ಸಿದ್ಧ: ಭಕ್ತಿ ಮನಸ್ಸಿನಲ್ಲಿದ್ದರೆ ಸಾಕು. ಈ ಎರಡು ಮಾತುಗಳ ನಡುವೆ ಮನೆಗಳು ಒಡೆಯಬಾರದು.

ಇತಿಹಾಸವು ಇಲ್ಲಿ ದಾರಿ ತೋರುತ್ತದೆ. ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರು, ಮಾಲೂರು ತಾಲ್ಲೂಕಿನಲ್ಲಿ 1891ರಲ್ಲಿ ಹುಟ್ಟಿದ ಮಾಸ್ತಿಯವರು, ಇವರ ತಲೆಮಾರಿನ ಗಣ್ಯರು ಪಂಚೆ, ಕೋಟು, ರುಮಾಲುಗಳಲ್ಲಿ ಸಭೆಗೆ ಬರುತ್ತಿದ್ದರು. ಇಂದು ಅದನ್ನೇ ಸನಾತನ ಉಡುಗೆಯೆಂದು ಭಾವಿಸುವವರುಂಟು. ಆದರೆ ಆ ಕೋಟು ಪಶ್ಚಿಮದಿಂದ ಬಂದುದು; ಅದೂ ಒಂದು ಕಾಲದ ಹೊಸತೇ. ಗಾಂಧೀಜಿ 1921ರಲ್ಲಿ ಮಧುರೆಯಲ್ಲಿ ತುಂಡುಬಟ್ಟೆಯನ್ನು ಅಂಗೀಕರಿಸಿದರು. 1927ರಲ್ಲಿ, ಅಂದು ಕೋಲಾರ ಜಿಲ್ಲೆಗೆ ಸೇರಿದ್ದ ನಂದಿಬೆಟ್ಟದಲ್ಲಿ ವಿಶ್ರಾಂತಿಗೆ ತಂಗಿದ್ದಾಗಲೂ ಅವರದು ಅದೇ ಉಡುಗೆ. ಗೌರವವು ಬಟ್ಟೆಯ ಉದ್ದದಲ್ಲಿ ಇರಲಿಲ್ಲ.

ನಮ್ಮ ಸಮಾಜಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಚಾರಿತ್ರ ಚಕ್ರವರ್ತಿ ಶಾಂತಿಸಾಗರ ಮಹಾರಾಜರದು (1872–1955). ದಿಗಂಬರ ಮುನಿಗಳ ವಿಹಾರವೇ ವಿರಳವಾಗಿದ್ದ ಕಾಲದಲ್ಲಿ ಅವರು ದಕ್ಷಿಣದಿಂದ ಉತ್ತರದವರೆಗೆ ಪಾದಚಾರಿಗಳಾಗಿ ಸಂಚರಿಸಿದರು. ಲೋಕದ ಕಣ್ಣು ಅಸಭ್ಯವೆಂದುದು ಶ್ರಾವಕರ ಕಣ್ಣಿಗೆ ಪರಮ ಸಂಯಮವಾಗಿತ್ತು.

ಹಾಗಾದರೆ ಗೃಹಸ್ಥನಿಗೆ ಅಳತೆಗೋಲು ಯಾವುದು? ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗಗಳಿಗೆ ಪರಿಮಾಣ ವಿಧಿಸಿದ್ದಾರೆ. ಒಮ್ಮೆ ಬಳಸಿ ಮುಗಿಯುವ ಅನ್ನ ಭೋಗ. ಮತ್ತೆ ಮತ್ತೆ ಬಳಸುವ ವಸ್ತ್ರ ಉಪಭೋಗ. ಆದುದರಿಂದ ಮೊದಲು ಕೇಳಬೇಕಾದುದು ‘ಈ ಉಡುಪು ಹೊಸದೋ ಹಳೆಯದೋ’ ಎಂದಲ್ಲ. ‘ಇದರಲ್ಲಿ ಮಿತಿಯಿದೆಯೇ, ಇದರ ಹಿಂದೆ ಹಿಂಸೆಯಿದೆಯೇ’ ಎಂದು.

ಈ ಪ್ರಶ್ನೆಯನ್ನು ಕೋಲಾರ ಸೀಮೆಯವರು ತಪ್ಪಿಸಿಕೊಳ್ಳಲಾರರು. ಇದು ಹಿಪ್ಪುನೇರಳೆಯ ನಾಡು. ಚಿಟ್ಟೆ ಗೂಡನ್ನು ಕೊರೆದು ಬಂದರೆ ಎಳೆ ತುಂಡಾಗುತ್ತದೆ. ಅದಕ್ಕಾಗಿ ಒಳಗಿನ ಜೀವವನ್ನು ಬಿಸಿ ಹಬೆಯಲ್ಲಿ ಕೊಲ್ಲಲಾಗುತ್ತದೆ. ಒಂದು ಪಟ್ಟೆಸೀರೆಗೆ ಬೇಕಾಗುವ ಗೂಡುಗಳು ಸಾವಿರಾರು. ಅದನ್ನುಟ್ಟು ಜಿನಾಭಿಷೇಕಕ್ಕೆ ನಿಂತ ಹಿರಿಯರು, ಒಗೆದ ಹತ್ತಿಯ ಚೂಡಿದಾರದಲ್ಲಿ ಬಂದ ಹುಡುಗಿಯನ್ನು ಬಾಗಿಲಲ್ಲಿ ತಡೆದರೆ ಅಹಿಂಸೆಯ ತಕ್ಕಡಿ ಯಾರ ಕಡೆಗೆ ವಾಲೀತು? ರೇಷ್ಮೆಯನ್ನು ನೆಚ್ಚಿ ಬದುಕುವ ರೈತರನ್ನು ಇಲ್ಲಿ ಹಳಿಯುತ್ತಿಲ್ಲ. ಅದು ಅವರ ಜೀವನೋಪಾಯ. ಪ್ರಶ್ನೆ ಇರುವುದು ವ್ರತಧಾರಿಯ ಆಯ್ಕೆಯದು.

ಕಿರಿಯರಿಗೂ ಒಂದು ಮಾತು ಸಲ್ಲಬೇಕು. ನರಸಾಪುರದ ಕಾರ್ಖಾನೆಗೆ, ಬೆಂಗಳೂರಿನ ಕಚೇರಿಗೆ ಒಪ್ಪುವ ಉಡುಪೆಲ್ಲವೂ ಗರ್ಭಗೃಹದ ಮುಂದೆ ಒಪ್ಪಬೇಕಿಲ್ಲ. ‘ನಿಸ್ಸಹೀ’ ಎಂದು ಮೂರು ಬಾರಿ ನುಡಿದು ಒಳಗೆ ಕಾಲಿಡುವುದು ಹೊರಗಿನ ವ್ಯಾಪಾರಗಳನ್ನು ಹೊರಗೇ ಬಿಡುವ ಸಂಕಲ್ಪ. ನೋಡುವವರ ಧ್ಯಾನವನ್ನು ಕದಡದ, ತನ್ನತ್ತ ಕಣ್ಣು ಸೆಳೆಯದ ಶುಭ್ರವಸ್ತ್ರ ಆ ಸಂಕಲ್ಪಕ್ಕೆ ತಕ್ಕುದು. ಕೈಯಲ್ಲಿ ಮೊಬೈಲು ಮೊಳಗುತ್ತಿದ್ದರೆ ಪಟ್ಟೆಯೂ ವ್ಯರ್ಥ, ಖಾದಿಯೂ ವ್ಯರ್ಥ.

ಸಾರ್ವಜನಿಕ ನಡವಳಿಕೆಗೂ ನಮ್ಮಲ್ಲಿ ಬೇರೆ ಪಾಠ ಬೇಕಿಲ್ಲ. ಮುನಿಗಳಿಗೆ ವಿಧಿಸಿದ ಪಂಚಸಮಿತಿಗಳನ್ನು ಗೃಹಸ್ಥನು ಯಥಾಶಕ್ತಿ ಪಾಲಿಸಿದರೆ ಸಾಕು. ನೆಲ ನೋಡಿ ನಡೆಯುವುದು ಈರ್ಯಾ. ಹಿತಮಿತವಾಗಿ ನುಡಿಯುವುದು ಭಾಷಾ. ಅರಿತು ಉಣ್ಣುವುದು ಏಷಣಾ. ವಸ್ತುವನ್ನು ಜೋಪಾನವಾಗಿ ಎತ್ತಿ ಇಡುವುದು ಆದಾನನಿಕ್ಷೇಪಣ. ತ್ಯಾಜ್ಯವನ್ನು ಜೀವಬಾಧೆಯಾಗದಲ್ಲಿ ಬಿಡುವುದು ಉತ್ಸರ್ಗ. ಬಸ್ಸಿನಲ್ಲಿ, ಸಂತೆಯಲ್ಲಿ, ಮದುವೆಯ ಪಂಕ್ತಿಯಲ್ಲಿ ಇವೈದೂ ಇದ್ದಲ್ಲಿ ಸಭ್ಯತೆಗೆ ಕೊರತೆಯಿಲ್ಲ. ಎಲೆಯಲ್ಲಿ ಅನ್ನ ಬಿಟ್ಟೇಳುವವನು ಎಷ್ಟು ಮಡಿಯುಟ್ಟರೂ ಏಷಣೆಯನ್ನು ಮರೆತವನೇ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ಜೈನ ಮನೆಗಳು ಹೆಚ್ಚಿಲ್ಲ. ಗದರಿಕೆಗೆ ನೊಂದು ಹಿಂದಿರುಗಿದ ಒಬ್ಬ ತರುಣ ಮತ್ತೆ ಬಾರದಿದ್ದರೆ, ನಾಳೆ ಈ ಬಸದಿಯ ದೀಪ ಹಚ್ಚುವ ಕೈಯೊಂದು ಕಡಿಮೆಯಾದಂತೆ. ಹೊಸಿಲಲ್ಲಿ ನಿಂತ ಮಗುವನ್ನು ಹಿರಿಯರು ಒಳಗೆ ಕರೆದು, ಪೂಜೆಯಾದ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ಕಾರಣ ಹೇಳಲಿ. ಕಿರಿಯರು ಆ ಕಾರಣವನ್ನು ಕೇಳುವ ತಾಳ್ಮೆ ತೋರಲಿ. ಪಾಷಾಣಕ್ಕೆ ಪೂಜ್ಯತೆಯನ್ನು ತುಂಬುವ ಈ ಪ್ರತಿಷ್ಠೆಯೊಡನೆ ಪರಸ್ಪರ ಆದರವೂ ಸಮಾಜದಲ್ಲಿ ಪ್ರತಿಷ್ಠಿತವಾಗಲಿ.

ಜೈನಂ ಜಯತು ಶಾಸನಂ.